ಹದಿನೆಂಟು ತುಂಬದ ಮಗುವನ್ನು ಹೊರದೇಶಕ್ಕೆ ಓದಲು ಕಳಿಸುವ ಮುನ್ನ

ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳಿಗೆ ದ್ವಿತೀಯ ಪಿಯುಸಿ ಮುಗಿಯುವಾಗ ಇನ್ನೂ ಹದಿನೇಳು. ವೈದ್ಯಕೀಯ ಸೀಟಿಗೆ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು. ಕಾನೂನಿನ ಕಣ್ಣಿಗೆ ಮಾತ್ರ 18 ತುಂಬುವ ತನಕ ಅವರು ಅಪ್ರಾಪ್ತರೇ. ಸೀಟು, ಸಾಲ, ವೀಸಾ ಎಲ್ಲ ಮುಗಿದ ಮೇಲೆ ಮನೆಯವರು ಕೇಳುವ ಪ್ರಶ್ನೆ ಒಂದಿದೆ: ಅಲ್ಲಿ ಇವನ ಜವಾಬ್ದಾರಿ ಯಾರದು? ಅದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು.

1. ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಕಾಲೇಜು ನೋಡಿ.
ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಕಂಬದ ಶಾಸನ ಹೇಳುವಂತೆ, ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೊರಟಾಗ ಗುರು ವೀರಶರ್ಮ ಜೊತೆಗಿದ್ದ. ಆದರೂ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಪರಸ್ಥಳದಲ್ಲಿ ಮಗುವಿಗೆ ತೊಂದರೆಯೇ ಬಾರದು ಎಂದು ಯಾರೂ ಮಾತು ಕೊಡಲಾರರು. ಬಂದಾಗ ಪಕ್ಕದಲ್ಲಿ ಯಾರು ನಿಲ್ಲಬೇಕು ಎನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಪಾಲಕರಾಗಲು ಒಪ್ಪಿದವರನ್ನು ಸಂಕೋಚ ಬಿಟ್ಟು ಕೇಳಿ: ನಿಮ್ಮ ಮನೆಯಿಂದ ಕಾಲೇಜು ಎಷ್ಟು ದೂರ? ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಯಿಂದ ಫೋನ್ ಬಂದರೆ ಹೊರಡುತ್ತೀರಾ? ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ? ಫೋನಿನಲ್ಲಿ ‘ನಮ್ಮ ಹುಡುಗ ಅಲ್ವಾ, ಕಳಿಸಿ’ ಎಂದದ್ದು ಪ್ರೀತಿಯ ಮಾತು. ಅದರ ಮೇಲೆ ವೀಸಾ ಸಿಗುವುದಿಲ್ಲ.

2. ಆ ದೇಶದ ನಿಯಮವನ್ನು ನೀವೇ ಓದಿ, ಇಲ್ಲವೇ ಓದಿಸಿ ಕೇಳಿ.
ಕೆನಡಾಕ್ಕೆ ಪೋಷಕರಿಲ್ಲದೆ ಹೋಗುವ 17 ತುಂಬದ ಮಗುವಿಗೆ ‘ಕಸ್ಟೋಡಿಯನ್’ ಬೇಕೇ ಬೇಕು. ಅವರು ಅಲ್ಲಿಯ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರಬೇಕು. ಘೋಷಣಾ ಪತ್ರಕ್ಕೆ ಎರಡು ಪುಟ: ಒಂದಕ್ಕೆ ಅವರು ಕೆನಡಾದ ನೋಟರಿ ಮುಂದೆ ಸಹಿ ಮಾಡುತ್ತಾರೆ, ಇನ್ನೊಂದಕ್ಕೆ ನೀವು ಇಲ್ಲಿಯ ನೋಟರಿ ಮುಂದೆ. ಹದಿನೇಳಾದವರಿಂದಲೂ ವೀಸಾ ಅಧಿಕಾರಿ ಇದನ್ನು ಕೇಳಬಹುದು. ಅಲ್ಲಿಯ ಕೆಲವು ಪ್ರಾಂತಗಳಲ್ಲಿ ಪ್ರಾಪ್ತ ವಯಸ್ಸು 19.

ಆಸ್ಟ್ರೇಲಿಯಾದಲ್ಲಿ ಮೂರು ದಾರಿ. ತಂದೆ ಅಥವಾ ತಾಯಿ ಗಾರ್ಡಿಯನ್ ವೀಸಾದಲ್ಲಿ ಜೊತೆಗೆ ಹೋಗಬಹುದು. 21 ದಾಟಿದ, ನಡತೆ ಚೆನ್ನಾಗಿರುವ ಹತ್ತಿರದ ಸಂಬಂಧಿಯನ್ನು ಹೆಸರಿಸಬಹುದು. ಅದೂ ಆಗದಿದ್ದರೆ ಶಾಲೆಯೇ ವಸತಿ, ಯೋಗಕ್ಷೇಮದ ಹೊಣೆ ಹೊತ್ತು ಪತ್ರ ಕೊಡಬೇಕು. ಆ ಪತ್ರದಲ್ಲಿರುವ ದಿನಕ್ಕಿಂತ ಮೊದಲು ಮಗು ಆ ದೇಶಕ್ಕೆ ಕಾಲಿಡುವಂತಿಲ್ಲ. ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ವಾರ ಮುಂಚೆ ಬುಕ್ ಮಾಡಿಬಿಡಬೇಡಿ.

ಬ್ರಿಟನ್‌ನಲ್ಲಿ 16 ತುಂಬದ ಮಗುವನ್ನು ಹತ್ತಿರದ ಸಂಬಂಧಿಗಳಲ್ಲದವರು 28 ದಿನ ಅಥವಾ ಹೆಚ್ಚು ಕಾಲ ಮನೆಯಲ್ಲಿ ಇಟ್ಟುಕೊಂಡರೆ ಸ್ಥಳೀಯ ಆಡಳಿತಕ್ಕೆ ತಿಳಿಸಲೇಬೇಕು. ಅಜ್ಜ, ಅಜ್ಜಿ, ಒಡಹುಟ್ಟಿದವರು, ಚಿಕ್ಕಪ್ಪ, ಅತ್ತೆ ಹತ್ತಿರದವರ ಲೆಕ್ಕ. ದೊಡ್ಡಪ್ಪನ ಮಗ ನಮಗೆ ಸ್ವಂತ ಅಣ್ಣನೇ ಇರಬಹುದು, ಅಲ್ಲಿಯ ಕಾನೂನಿಗೆ ಅಲ್ಲ. ಆಸ್ಟ್ರೇಲಿಯಾದ ಸಂಬಂಧಿಗಳ ಪಟ್ಟಿಯಲ್ಲೂ ಅವನಿಲ್ಲ. ನಮ್ಮ ಕಡೆಯ ಮನೆಗಳು ಹೆಚ್ಚು ನೆಚ್ಚಿಕೊಳ್ಳುವುದು ಇಂಥ ಅಣ್ಣಂದಿರನ್ನೇ, ಹಾಗಾಗಿ ಈ ಒಂದು ಸಂಗತಿಯನ್ನು ಅರ್ಜಿ ಹಾಕುವ ಮೊದಲೇ ಖಚಿತ ಮಾಡಿಕೊಳ್ಳಿ.

3. ತಾಯಿಯ ಸಹಿಯನ್ನು ಕೊನೆಗೆ ಬಿಡಬೇಡಿ.
1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು ಮೊದಲು, ‘ಅವನ ನಂತರ’ ತಾಯಿಯನ್ನು ಸಹಜ ಪಾಲಕರೆಂದು ಹೇಳುತ್ತದೆ. 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪಾಲಕಿ ಆಗಬಲ್ಲಳು ಎಂದಿತು. ಗಂಡ ಬಿಟ್ಟುಹೋಗಿ ಒಬ್ಬಳೇ ಮಕ್ಕಳನ್ನು ಸಾಕಿದ ತಾಯಂದಿರು ಪ್ರತಿ ಊರಲ್ಲೂ ಇದ್ದಾರೆ. ಅವರು ಯಾವ ಕಚೇರಿಯ ಮುಂದೆಯೂ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. ಇಬ್ಬರೂ ಇರುವ ಮನೆಯಲ್ಲಿ ಇಬ್ಬರ ಸಹಿಯೂ ಇರಲಿ. ವೀಸಾ ಅಧಿಕಾರಿಗಳು ಹೆಚ್ಚಾಗಿ ಕೇಳುವುದು ಅದನ್ನೇ.

4. ತಂದೆ, ತಾಯಿ ಇಬ್ಬರೂ ಇಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗಿ.
ಸಾಕಿದ ಅಜ್ಜ, ಸೋದರಮಾವ ಕಾನೂನಿನಲ್ಲಿ ತಾವಾಗಿಯೇ ಪಾಲಕರಾಗುವುದಿಲ್ಲ. ಛಾಪಾ ಕಾಗದದ ಮೇಲೆ ಬರೆಸಿದ ಒಪ್ಪಿಗೆ ಪತ್ರವೂ ನ್ಯಾಯಾಲಯದ ಆದೇಶಕ್ಕೆ ಸಮವಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಮಗು ವಾಸವಿರುವ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ತಿಂಗಳುಗಳು ಹಿಡಿಯುವ ಕೆಲಸ ಇದು, ಪ್ರಥಮ ಪಿಯುಸಿಯಲ್ಲೇ ಶುರುಮಾಡಿ.

5. ಹೆಸರು ಎಲ್ಲ ಕಡೆ ಒಂದೇ ಇರಲಿ.
ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಜನನ ಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು. ಇದು ನಮ್ಮ ಕಡೆ ಹೊಸತೇನಲ್ಲ. ಜನನ ನೋಂದಣಿಯೇ ಆಗಿರದಿದ್ದರೆ, ವರ್ಷ ದಾಟಿದ ಪ್ರಕರಣಕ್ಕೆ ದಂಡಾಧಿಕಾರಿಯ ಆದೇಶ ಬೇಕು.

6. ಪಾಸ್‌ಪೋರ್ಟ್ ಅವಧಿ ನೋಡಿ.
ಅಪ್ರಾಪ್ತರ ಪಾಸ್‌ಪೋರ್ಟ್ ಐದು ವರ್ಷಕ್ಕೆ ಅಥವಾ 18 ತುಂಬುವ ದಿನಕ್ಕೆ ಮುಗಿಯುತ್ತದೆ, ಯಾವುದು ಮೊದಲೋ ಅದು. 15 ದಾಟಿದವರು ಹತ್ತು ವರ್ಷದ್ದನ್ನೇ ಕೇಳಿ ಪಡೆಯಬಹುದು. ಅದನ್ನೇ ಮಾಡಿಸಿ.

7. ಜಮೀನು ಮಾರುವ ಮುನ್ನ ಪಹಣಿ ನೋಡಿ.
ಓದಿಗಾಗಿ ಅಡಿಕೆ ತೋಟ ಮಾರುವ ಮನೆಗಳಿಗೆ ಈ ಮಾತು. ಮಗುವಿನ ಸ್ವಂತ ಪಾಲಿಗೆ, ಅದರದೇ ಹೆಸರಿಗೆ ಬಂದ ಜಮೀನನ್ನು ತಂದೆ ತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಆ ಕ್ರಯವನ್ನು ಮುಂದೆ ಮಗುವೇ ರದ್ದುಮಾಡಿಸಬಹುದು, ಹಾಗಾಗಿ ಕೊಂಡವರಿಗೂ ನೆಮ್ಮದಿಯಿಲ್ಲ. ಅಪ್ರಾಪ್ತರು ಮಾಡಿಕೊಂಡ ಕರಾರಿಗೆ ನಮ್ಮಲ್ಲಿ ಬೆಲೆಯಿಲ್ಲ ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಮಾನಿಸಿದೆ. ಏಜೆಂಟರ ಕಾಗದಕ್ಕೆ ಹುಡುಗನ ಕೈಯಲ್ಲಿ ಸಹಿ ಹಾಕಿಸಬೇಡಿ. ಅವನ ಹೆಸರಿನಲ್ಲಿ ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿನ ಎ2 ಫಾರಂಗೂ ಪಾಲಕರ ಸಹಿ ಬೇಕು.

8. ದುಡ್ಡು ಕೊಟ್ಟು ಗಾರ್ಡಿಯನ್ ಗೊತ್ತುಮಾಡುವುದಾದರೆ ಎಲ್ಲವನ್ನೂ ಬರೆಸಿಕೊಳ್ಳಿ.
ತಿಂಗಳಿಗೆ ಎಷ್ಟು ಸಲ ಭೇಟಿ, ರಜೆಯಲ್ಲಿ ಊಟ ವಸತಿ ಎಲ್ಲಿ, ಶಸ್ತ್ರಚಿಕಿತ್ಸೆ ಬೇಕಾದರೆ ಯಾರ ಒಪ್ಪಿಗೆ, ಶಾಲೆ ಹೊರಹಾಕಿದರೆ ಮರುದಿನ ಮಗು ಎಲ್ಲಿರುತ್ತದೆ. ಬ್ರಿಟನ್‌ನಲ್ಲಿ ಇಂಥ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ‘ಏಜಿಸ್’ ಎಂಬ ಸಂಸ್ಥೆ ಇದೆ. ಹೆಸರು ಅದರ ಪಟ್ಟಿಯಲ್ಲಿದೆಯೇ ನೋಡಿ. ‘ಎಲ್ಲ ನಾವು ನೋಡ್ಕೋತೀವಿ’ ಎಂದಷ್ಟೇ ಹೇಳಿ ಕಾಗದ ಕೊಡದವರ ಕೈಗೆ ಮಗುವನ್ನು ಕೊಡಬೇಡಿ.

9. ಕೆಲವೇ ತಿಂಗಳು ಕಡಿಮೆಯಿದ್ದರೆ ಕಾಯಿರಿ.
ಪ್ರವೇಶವನ್ನು ಮುಂದಿನ ಸೆಮಿಸ್ಟರ್‌ಗೆ ಹಾಕಿಕೊಡಲು ಅನೇಕ ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಒಪ್ಪಿದರೆ ಹದಿನೆಂಟು ತುಂಬಿಸಿಯೇ ಕಳಿಸಿ ಎನ್ನುತ್ತೇನೆ. ಆ ಅವಧಿಯಲ್ಲಿ ಮಗು ಅಡುಗೆ ಕಲಿಯಲಿ, ಬ್ಯಾಂಕಿಗೆ ಒಬ್ಬನೇ ಹೋಗಿ ಬರಲಿ, ತನ್ನ ಕಾಯಿಲೆಯನ್ನು ಡಾಕ್ಟರಿಗೆ ತಾನೇ ವಿವರಿಸಿ ಹೇಳಲಿ.

10. ಅಲ್ಲಿಗೆ ಹೋದ ಮೊದಲ ವಾರದಲ್ಲೇ ‘ಮದದ್’ ಪೋರ್ಟಲ್‌ನಲ್ಲಿ ಹೆಸರು ಬರೆಸಿ.
ವಿದೇಶಾಂಗ ಸಚಿವಾಲಯದ ಈ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗಳ ನೋಂದಣಿಗೆ ಅವಕಾಶವಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಡೆದ ದಾಳಿಯಲ್ಲಿ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಆ ದಿನಗಳಲ್ಲಿ ತಮ್ಮ ಮಗು ಯಾವ ಬಂಕರಿನಲ್ಲಿದೆ ಎಂದು ತಿಳಿಯದೆ ಎಷ್ಟೋ ಮನೆಗಳು ನಿದ್ದೆಗೆಟ್ಟವು. ಹಾಸ್ಟೆಲ್ ವಿಳಾಸ, ಪಾಲಕರ ಫೋನ್, ಪಾಸ್‌ಪೋರ್ಟ್ ಸಂಖ್ಯೆ, ರಕ್ತದ ಗುಂಪು ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ರಾಯಭಾರ ಕಚೇರಿಗೊಂದು, ಪಾಲಕರಿಗೊಂದು, ಮನೆಯ ಗೋಡೆಗೊಂದು ಪ್ರತಿ ಮಾಡಿಡಿ. ಮಗು ಕೋಣೆ ಬದಲಿಸಿದರೆ ಅದೇ ದಿನ ಮೂರನ್ನೂ ತಿದ್ದಿ.