ಕಾಯಕವೂ ಕಾಯದ ಆರೋಗ್ಯವೂ

ಕಾಯವನ್ನು ಬರಿದೆ ದಂಡಿಸುವುದನ್ನು ಶಿವಶರಣರು ಸಾಧನೆಯೆಂದು ಒಪ್ಪಲಿಲ್ಲ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಈ ಶರೀರಕ್ಕೇ ದೇವಾಲಯದ ಸ್ಥಾನವನ್ನಿತ್ತರು. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು, ಬೆನ್ನು ನೆಟ್ಟಗಿರಿಸಿ, ದೃಷ್ಟಿಯನ್ನು ನಿಲ್ಲಿಸಿ ಕುಳಿತುಕೊಳ್ಳುವುದಕ್ಕೂ ಮಂಡಿಯಲ್ಲಿ ಬಲ ಬೇಕು, ಉಸಿರಿನಲ್ಲಿ ಸಮತೆ ಬೇಕು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದನೆಂಬುದನ್ನು ಸದ್ಭಕ್ತರು ಮರೆಯಲಾಗದು. ರೋಗ, ಔಷಧ, ಪಥ್ಯಗಳ ಮಾತಿನಲ್ಲಿಯೇ ಆತನು ಶಿವಾನುಭವವನ್ನು ಹೇಳಿದನು. ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿಯೂ ವಟುಗಳ ಶಾಸ್ತ್ರಪಾಠದೊಡನೆ ಯೋಗಾಭ್ಯಾಸಕ್ಕೆ ಎಡೆಯಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗೃಹಸ್ಥನಿಗೆ ಹಿಂದೆ ವ್ಯಾಯಾಮವೆಂಬುದು ಬೇರೆಯಾಗಿ ಇರಲಿಲ್ಲ. ಎರೆಹೊಲದಲ್ಲಿ ಕುಂಟೆ ಹೊಡೆಯುವುದು, ಬಾವಿಯಿಂದ ನೀರು ಸೇದುವುದು, ಹೊಲಕ್ಕೆ ಎರಡು ಹರದಾರಿ ನಡೆದು ಹೋಗಿ ಬರುವುದು ಇವೇ ಆತನ ಅಂಗಸಾಧನೆಗಳು. ಹೆಂಗಸರ ದುಡಿಮೆಯಂತೂ ಬೆಳಕು ಹರಿಯುವ ಮೊದಲೇ ಬೀಸುವ ಕಲ್ಲಿನ ಮುಂದೆ ಆರಂಭವಾಗುತ್ತಿತ್ತು. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ 'ಗರತಿಯ ಹಾಡು' ಈ ಬೀಸುವ ಕಲ್ಲಿನ ಮುಂದಿನ ತಾಯಂದಿರ ಬಾಯಿಂದ ಬಂದ ಸಂಪತ್ತೆಂಬುದು ಎಲ್ಲರಿಗೂ ತಿಳಿದಿದೆ. ಹಾಡು ಪುಸ್ತಕದಲ್ಲಿ ಉಳಿಯಿತು. ಕಲ್ಲು ಅಟ್ಟ ಸೇರಿತು. ಗಿರಣಿ ಬಂದುದಕ್ಕೆ ಯಾವ ತಾಯಿಯೂ ಕಣ್ಣೀರಿಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಆ ದುಡಿಮೆ ಹಲವರ ಸೊಂಟವನ್ನು ಮುರಿದಿತ್ತು. ಆದರೆ ರಟ್ಟೆಗೆ, ಹೆಗಲಿಗೆ, ಬೆನ್ನಿಗೆ ದೊರೆಯುತ್ತಿದ್ದ ಚಲನೆಗೆ ಬದಲಾಗಿ ಬೇರೊಂದು ಚಲನೆ ಬರಲಿಲ್ಲ.

ಈಗ ಹೊಲದಲ್ಲಿ ಟ್ರ್ಯಾಕ್ಟರು, ಹೊಲದ ದಾರಿಯಲ್ಲಿ ಮೋಟಾರು ಸೈಕಲ್ಲು. ಆಲಮಟ್ಟಿಯ ಕಾಲುವೆಯ ನೀರು ತಲುಪಿದಲ್ಲಿ ಜೋಳದ ಜೊತೆಗೆ ಕಬ್ಬೂ ಬೆಳೆಯುತ್ತಿದೆ. ದೇಹದ ದುಡಿಮೆ ಇಳಿದಿದೆ; ತುತ್ತು ಇಳಿದಿಲ್ಲ. ಪಟ್ಟಣದವರ ಕಾಯಿಲೆಗಳೆಂದು ಹಳ್ಳಿಗರು ನಗುತ್ತಿದ್ದ ಮಧುಮೇಹವೂ ರಕ್ತದೊತ್ತಡವೂ ಕಟ್ಟೆಯ ಮೇಲಿನ ಮಾತಾಗಿವೆ. ಜಾತ್ರೆಯ ದಿನ ಸಂಗ್ರಾಣಿ ಕಲ್ಲನ್ನೆತ್ತಿ ಮೆರೆದರೆ ಈ ಕೊರತೆ ತುಂಬದು. ಸಾಧನೆಯಿಲ್ಲದೆ ಒಂದೇ ದಿನ ಎತ್ತಿದವನು ಬೆನ್ನು ಹಿಡಿದುಕೊಂಡು ಮನೆಗೆ ಮರಳುವುದೇ ಹೆಚ್ಚು. ವಾರಕ್ಕೆ ೧೫೦ ನಿಮಿಷಗಳಾದರೂ ಚುರುಕಾದ ನಡಿಗೆ ಅಥವಾ ಅದಕ್ಕೆ ಸಮನಾದ ದುಡಿಮೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು. ಮುಂಜಾನೆ ಹೊಲಕ್ಕೆ ಕಾಲುನಡಿಗೆಯಿಂದ ಹೋದರೆ ಅಷ್ಟೂ ಸಂದೀತು.

ಆಹಾರದ ವಿಷಯದಲ್ಲಿ ಈ ನಾಡು ಬಡವಲ್ಲ. ಡೋಣಿಯ ದಂಡೆಯ ಬಿಳಿಜೋಳದ ನೂರು ಗ್ರಾಮಿನಲ್ಲಿ ಸುಮಾರು ಹತ್ತು ಗ್ರಾಂ ಸಸಾರಜನಕವೂ ಹೆಚ್ಚುಕಡಿಮೆ ಅಷ್ಟೇ ನಾರೂ ಇರುತ್ತವೆ. ಕಬ್ಬಿಣದ ಅಂಶವೂ ಇದೆ. ಆದರೆ ಧಾನ್ಯದಲ್ಲಿರುವ ಕಬ್ಬಿಣವು ದೇಹಕ್ಕೆ ಸುಲಭವಾಗಿ ಸೇರದು. ಹುಳಿಹಣ್ಣಿನ ಸತ್ವವು ಅದನ್ನು ಸೇರುವಂತೆ ಮಾಡುತ್ತದೆ, ಊಟದೊಡನೆ ಕುಡಿದ ಚಹವು ತಡೆಯುತ್ತದೆ. ೨೦೨೩ರಲ್ಲಿ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಆ ಲಿಂಬೆ ದೂರದ ಪೇಟೆಗಳಿಗೆ ಹೋಗಲಿ, ಸಂತೋಷ. ಆದರೆ ಬಾಣಂತಿಗೂ ಬೆಳೆಯುವ ಹುಡುಗಿಗೂ ರಕ್ತ ಸಾಲದೆಂದು ಪೇಚಾಡುವ ಮನೆಯಲ್ಲಿ ಕಾಳುಪಲ್ಯದ ಮೇಲೆ ಅದರ ನಾಲ್ಕು ಹನಿ ಬೀಳಬೇಡವೆ? ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಹಕ್ಕರಕಿ, ಮೆಂತ್ಯ, ಮೂಲಂಗಿ, ಸೌತೆ. ಗುರೆಳ್ಳು, ಅಗಸಿ, ಶೇಂಗಾಗಳ ಹಿಂಡಿ. ಕೊನೆಗೆ ಮಜ್ಜಿಗೆ — ಇಂತಹ ತಟ್ಟೆಯನ್ನು ಬಿಟ್ಟು ಬಿಳಿಯ ಅನ್ನವನ್ನೇ ರಾಶಿ ಹಾಕಿಕೊಳ್ಳುವುದು ಸಿರಿವಂತಿಕೆಯ ಗುರುತೆಂದು ಯಾರು ಕಲಿಸಿದರೋ ತಿಳಿಯದು. ಉಪ್ಪಿನಲ್ಲಿ ಮಾತ್ರ ಕೈ ಬಿಗಿಯಬೇಕು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಹಿಂಡಿಗಳಲ್ಲಿರುವುದೂ ಆ ಲೆಕ್ಕಕ್ಕೆ ಸೇರಿದ್ದೇ.

ಪ್ರಸಾದವನ್ನು ಚೆಲ್ಲಬಾರದೆಂಬ ನೇಮದಲ್ಲಿ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬ ನೇಮವೂ ಅಡಗಿದೆ. ಇದನ್ನು ಉಣ್ಣುವವರಿಗಿಂತ ನೀಡುವವರು ಹೆಚ್ಚಾಗಿ ಮರೆಯುತ್ತಾರೆ. ಸಾಕೆಂದು ಕೈಯಡ್ಡ ಹಿಡಿದ ಹಿರಿಯರ ತಟ್ಟೆಗೆ ಮತ್ತೊಂದು ಹೋಳಿಗೆಯನ್ನು ಹಾಕಿ, "ಯಪ್ಪಾ, ಇದೊಂದು ತಗೋರಿ" ಎಂದು ಒತ್ತಾಯಿಸುವುದು ದಾಸೋಹವಲ್ಲ. ಆ ಹಿರಿಯರು ಚೆಲ್ಲಲಾರರು, ಉಂಡರೆ ಅರಗಿಸಿಕೊಳ್ಳಲಾರರು.

ಉಪವಾಸದ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಮಧುಮೇಹಕ್ಕೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಶಿವರಾತ್ರಿಯ ದಿನ ಔಷಧವನ್ನು ಎಂದಿನಂತೆ ತೆಗೆದುಕೊಂಡು ಅನ್ನವನ್ನು ಮಾತ್ರ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಬೆವರು, ನಡುಕ, ಮಂಪರು ಅದರ ಲಕ್ಷಣಗಳು; ಅದನ್ನು ಭಕ್ತಿಯ ಪರವಶತೆಯೆಂದು ಭಾವಿಸಿ ಸುಮ್ಮನಿರುವುದು ಪ್ರಾಣಕ್ಕೆ ಎರವಾದೀತು. ಎಚ್ಚರವಿದ್ದರೆ ಕೂಡಲೇ ಸಕ್ಕರೆಯನ್ನೋ ಬೆಲ್ಲದ ನೀರನ್ನೋ ಕೊಡತಕ್ಕದ್ದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಇಂಥವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಲಾಗದು. ಹಾಗಲಕಾಯಿಯ ರಸವನ್ನು ಕುಡಿಯಲಾರಂಭಿಸಿದೆನೆಂದು ಗುಳಿಗೆಯನ್ನು ನಿಲ್ಲಿಸುವವರಿಗೂ ಇದೇ ಎಚ್ಚರ ಬೇಕು. ಮೆಂತ್ಯ, ಹಾಗಲಗಳು ಅಡಿಗೆಯಲ್ಲಿ ಇರಲಿ; ಔಷಧದ ಜಾಗದಲ್ಲಿ ಅವನ್ನು ಕೂರಿಸುವುದು ಬೇಡ.

ಮನೆಮದ್ದಿನ ಮೇಲಿನ ನಂಬಿಕೆ ಇನ್ನೊಂದು ಕಡೆ ಹೆಚ್ಚಿನ ಹಾನಿ ಮಾಡುತ್ತಿದೆ. ನಡುವಯಸ್ಸಿನಲ್ಲಿಯೇ ಮಂಡಿ, ಸೊಂಟ, ಕುತ್ತಿಗೆಗಳು ಬಿಗಿದುಕೊಂಡವೆಂದರೆ ವಾತವೆಂದು ಹೇಳಿ ಎಣ್ಣೆ ತಿಕ್ಕುವರು, ಲಕ್ಕಿಸೊಪ್ಪಿನ ಶಾಖ ಕೊಡುವರು. ನೋವು ತುಸು ಹೊತ್ತು ತಗ್ಗುವುದು ನಿಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಇದೆ. ಲೀಟರಿಗೆ ೧.೫ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳೇಳುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ದೊಡ್ಡವರ ಕೀಲುಗಳು ಪೆಡಸಾಗಿ ಬೆನ್ನು ಬಾಗುತ್ತದೆ. ಎಷ್ಟು ಎಣ್ಣೆ ತಿಕ್ಕಿದರೂ ಮೂಳೆಗಿಳಿದ ಫ್ಲೋರೈಡು ಹೊರಡದು. ನೀರನ್ನು ಕುದಿಸಿದರೂ ಹೋಗದು. ಕುದಿದು ಇಂಗಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುವುದು. ಮನೆಯ ಮಗುವಿನ ಹಲ್ಲಿನಲ್ಲಿ ಇಂತಹ ಕಲೆಯಿದ್ದು, ಅಜ್ಜನ ಕುತ್ತಿಗೆ ತಿರುಗದಿದ್ದರೆ, ಎಣ್ಣೆಯ ಬಟ್ಟಲಿಗಿಂತ ಮೊದಲು ಆ ಬಾವಿಯ ಒಂದು ಬಾಟಲಿ ನೀರನ್ನು ಗ್ರಾಮ ಪಂಚಾಯತಿಯ ಮೂಲಕ ಪರೀಕ್ಷೆಗೆ ಕಳುಹಿಸತಕ್ಕದ್ದು. ಫಲಿತಾಂಶ ಬರುವವರೆಗೆ ಶುದ್ಧ ನೀರಿನ ಘಟಕದ ನೀರನ್ನಾಗಲಿ, ಮಾಳಿಗೆಯಿಂದ ಶುಚಿಯಾಗಿ ಹಿಡಿದ ಮಳೆನೀರನ್ನು ಕಾಯಿಸಿ ಆರಿಸಿಯಾಗಲಿ ಕುಡಿಯಲಿಕ್ಕೂ ಅಡಿಗೆಗೂ ಬಳಸಬಹುದು. ಬಾವಿಯ ನೀರು ಸ್ನಾನಕ್ಕೆ, ಬಟ್ಟೆ ಒಗೆಯಲಿಕ್ಕೆ ಸಾಕು.