ಅಂಕಸಮುದ್ರದ ಏರಿಯ ಮೇಲೊಂದು ಮಧ್ಯಾಹ್ನ: ಹಕ್ಕಿ ನೋಡುವ, ಚಿತ್ರ ತೆಗೆಯುವ ಕ್ರಮ



ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಬಹಳ ದೂರವೇನಲ್ಲ. ಅಲ್ಲಿನ ಸುಮಾರು 244 ಎಕರೆಯ ಕೆರೆ ನೀರಾವರಿಗೆಂದು ಕಟ್ಟಿದ್ದು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಸರ್ಕಾರವು 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2024ರಲ್ಲಿ ಇದು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿಗೆ, ಸೇರಿತು. ರಜೆಯ ದಿನ ಮಕ್ಕಳೊಡನೆ ಮೊಬೈಲ್ ಅಥವಾ ಕ್ಯಾಮೆರಾ ಹಿಡಿದು ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು.

ಮರಿಯಿರುವ ಗೂಡಿನಲ್ಲಿ, ಎರಡು ಗಂಟೆಯ ಬಿಸಿಲಿಗೆ ಕೊಕ್ಕರೆ ರೆಕ್ಕೆ ಬಿಚ್ಚಿ ನಿಂತಿದ್ದರೆ ಅದು ರೆಕ್ಕೆ ಒಣಗಿಸುತ್ತಿದೆ ಎಂದು ಭಾವಿಸಬೇಡಿ. ಅದು ಮರಿಗೆ ನೆರಳು ಮಾಡಿದೆ. ಎಳೆಯ ಅಡಿಕೆ ಸಸಿಗೆ ನಾವು ನೆರಳು ಕಟ್ಟುತ್ತೇವೆ. ಪುಕ್ಕ ಮೂಡದ ಮರಿಯೂ ಹಾಗೆಯೇ ಬಿಸಿಲು ತಾಳಲಾರದು. ಒಳ್ಳೆಯ ಚಿತ್ರದ ಆಸೆಯಿಂದ ನಾವು ಹತ್ತಿರ ಹೋದರೆ, ಚಪ್ಪಾಳೆ ತಟ್ಟಿದರೆ, ಹಕ್ಕಿ ಎದ್ದು ಹಾರುತ್ತದೆ. ಮರಿ ಬಿಸಿಲಿಗೆ ಬೇಯುತ್ತದೆ. ಕಾಗೆ, ಹದ್ದುಗಳು ಮೊಟ್ಟೆ ಮರಿಗಳನ್ನು ಒಯ್ಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ.

ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಏರಿಯನ್ನು ಬಿಟ್ಟು ಕೆರೆಯಂಗಳಕ್ಕೆ ಇಳಿಯಬಾರದು. ಹಕ್ಕಿ ಕತ್ತೆತ್ತಿ ನಮ್ಮನ್ನೇ ನೋಡತೊಡಗಿದರೆ ನಾವು ಹೆಚ್ಚು ಹತ್ತಿರ ಬಂದೆವೆಂದು ಅರ್ಥ. ಮೆಲ್ಲಗೆ ಹಿಂದೆ ಸರಿಯಬೇಕು.

2. ನಾಲ್ಕು ಗಂಟೆಯ ನಂತರ, ಸೂರ್ಯನನ್ನು ಬೆನ್ನಿಗಿಟ್ಟು ಚಿತ್ರ ತೆಗೆಯಬೇಕು. ಓರೆ ಬಿಸಿಲಿನಲ್ಲಿ ಬಣ್ಣ ಚೆನ್ನಾಗಿ ಮೂಡುತ್ತದೆ. ಸಂಜೆಯಾಗುತ್ತ ಮೇಯಲು ಹೋದ ಹಕ್ಕಿಗಳೂ ಮರಳುತ್ತವೆ.

3. ದಿನಾಂಕ, ಹಕ್ಕಿಯ ಹೆಸರು, ಎಣಿಕೆಗಳನ್ನು ಬರೆದಿಡಬೇಕು. ಗುಂಪು ದೊಡ್ಡದಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅಂಥ ಹತ್ತರ ಗುಂಪುಗಳು ಎಷ್ಟಿವೆಯೆಂದು ಲೆಕ್ಕ ಹಾಕಬಹುದು.

ಇದರಿಂದ ತೋಟಗಾರನಿಗೇನು ಎಂದು ಕೇಳಬಹುದು. ಉಳುಮೆಯ ಹಿಂದೆ ಬಂದು ಗೊಣ್ಣೆಹುಳು ಆರಿಸುವ ಬೆಳ್ಳಕ್ಕಿ ಮರಿ ಮಾಡುವುದು ಇಂಥ ಕೆರೆಯ ಮರಗಳಲ್ಲಿಯೇ. ಕೆರೆಯಲ್ಲಿ ನಿಂತ ನೀರು ಇಂಗಿ ಸುತ್ತಲಿನ ಕೊಳವೆಬಾವಿಗಳಿಗೂ ಒದಗುತ್ತದೆ. ಆದುದರಿಂದ ಔಷಧಿ ಸಿಂಪಡಿಸಿದ ಪಂಪು, ಡಬ್ಬಿಗಳನ್ನು ಕೆರೆ ಹಳ್ಳಗಳಲ್ಲಿ ತೊಳೆಯಬಾರದು. ಮೀನು ಸತ್ತರೆ ಅದನ್ನೇ ನಂಬಿದ ಕೊಕ್ಕರೆಯ ಮರಿಗಳೂ ಉಳಿಯಲಾರವು.

ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟ ಮೇಲೆ ಕ್ಯಾಮೆರಾ ಕೈಗೆ ಕೊಡುವುದು ಒಳ್ಳೆಯದು.