ಕುರ್ಚಿ ಮತ್ತು ಮಾತು: ಮಹಿಳೆಯರ ನಿರ್ಣಯಾಧಿಕಾರ ಕುರಿತ ಒಂದು ಪಾಠಾನುಭವ

ವಿಷಯ: ಸಮಾಜ ವಿಜ್ಞಾನ (ರಾಜ್ಯಶಾಸ್ತ್ರ)
ತರಗತಿ: 9
ಅವಧಿ: 40 ನಿಮಿಷಗಳ ಎರಡು ಅವಧಿಗಳು
ವಿಧಾನ: ಚರ್ಚೆ, ಅಣಕು ಗ್ರಾಮಸಭೆ

ಉದ್ದೇಶಗಳು

1. ಸ್ಥಳೀಯ ಸಂಸ್ಥೆಗಳಲ್ಲಿ ಮತ್ತು ವಿಧಾನಸಭೆಯಲ್ಲಿ ಮಹಿಳೆಯರ ಸ್ಥಾನವನ್ನು ವಿದ್ಯಾರ್ಥಿಗಳು ಹೋಲಿಸುವರು.
2. ಸ್ಥಾನ ಪಡೆಯುವುದಕ್ಕೂ ನಿರ್ಣಯದಲ್ಲಿ ಪಾಲ್ಗೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.
3. ಊರಿನ ಜಗಳವೊಂದನ್ನು ಎಲ್ಲರ ಮಾತು ಕೇಳಿ ಬಗೆಹರಿಸುವ ಕ್ರಮವನ್ನು ಅಭ್ಯಾಸ ಮಾಡುವರು.

ಪೀಠಿಕೆ

ಗುಂಡ್ಲುಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಸಮಯದಲ್ಲಿ ಈ ಪಾಠ ಮಾಡಿದೆನು. ಪೂರ್ವಜ್ಞಾನ ಪರೀಕ್ಷೆಗೆ ಒಂದು ಪ್ರಶ್ನೆ ಕೇಳಿದೆನು: “ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು ಯಾರು?” ಯಾರೂ ಕೈ ಎತ್ತಲಿಲ್ಲ. “ಅವರು ನಿಮ್ಮ ತಾಲ್ಲೂಕಿನಿಂದಲೇ ಗೆದ್ದವರು” ಎಂದಾಗ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಕೆ.ಎಸ್. ನಾಗರತ್ನಮ್ಮ ಅವರು 1957ರಲ್ಲಿ ಮೊದಲ ಬಾರಿಗೆ ಗುಂಡ್ಲುಪೇಟೆಯಿಂದ ಶಾಸಕರಾದರು. ಇದೇ ಕ್ಷೇತ್ರದಿಂದ ಒಟ್ಟು ಏಳು ಬಾರಿ ಗೆದ್ದರು. 1972ರಿಂದ 1978ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ಆ ಪೀಠದಲ್ಲಿದ್ದವರು ಅವರೇ. ಅವರ ನಂತರ ಇನ್ನೊಬ್ಬ ಮಹಿಳೆ ಆ ಪೀಠಕ್ಕೆ ಬಂದಿಲ್ಲ.

ವಿಷಯ ನಿರೂಪಣೆ

ಕಪ್ಪುಹಲಗೆಯಲ್ಲಿ ಎರಡು ಅಂಕಣ ಹಾಕಿದೆನು.

ಮೊದಲನೆಯದು ಗ್ರಾಮ ಪಂಚಾಯಿತಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಸದಸ್ಯ ಸ್ಥಾನಕ್ಕೆ ಮಾತ್ರವಲ್ಲ, ಅಧ್ಯಕ್ಷ ಸ್ಥಾನಗಳಿಗೂ ಇದು ಅನ್ವಯಿಸುತ್ತದೆ. ಕರ್ನಾಟಕವು 1983ರ ಕಾಯ್ದೆಯಲ್ಲಿಯೇ ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ ಕೊಟ್ಟಿತ್ತು. 2010ರ ತಿದ್ದುಪಡಿಯಿಂದ ಅದು ಶೇ. 50 ಆಯಿತು.

ಎರಡನೆಯದು ವಿಧಾನಸಭೆ. ಇಲ್ಲಿ ಇನ್ನೂ ಮೀಸಲಾತಿ ಜಾರಿಗೆ ಬಂದಿಲ್ಲ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10 ಮಂದಿ. ಅದೇ ವರ್ಷದ 106ನೇ ತಿದ್ದುಪಡಿಯು ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದರಷ್ಟು ಮೀಸಲಾತಿಯನ್ನು ಹೇಳುತ್ತದೆ. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರ ಅದು ಜಾರಿಯಾಗಬೇಕಿದೆ.

“ಹಾಗಾದರೆ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ನಿರ್ಣಯಗಳನ್ನು ಮಹಿಳೆಯರು ಮಾಡುತ್ತಿದ್ದಾರೆ, ಅಲ್ಲವೇ?” ಎಂದು ಕೇಳಿದೆನು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: “ನಮ್ಮವ್ವ ಮೆಂಬ್ರು ಮಿಸ್. ಮೀಟಿಂಗ್‌ಗೆ ಹೋಗದು ನಮ್ಮಪ್ಪ.”

ತರಗತಿ ನಕ್ಕಿತು. ನನಗೆ ಏನು ಹೇಳಬೇಕೆಂದು ತೋಚದೆ ಮುಂದಿನ ಅಂಶಕ್ಕೆ ಹೋದೆನು. ಇದು ನನ್ನ ತಪ್ಪು. ಪಾಠದ ತಿರುಳನ್ನು ಆ ಹುಡುಗಿ ಹೇಳಿದ್ದಳು. ಅವಳಿಗೆ ಸಿಕ್ಕಿದ್ದು ನಗು ಮಾತ್ರ.

ಮೊದಲ ಅಣಕು ಸಭೆ

ಅವಧಿಯ ಕೊನೆಗೆ ಅಣಕು ಗ್ರಾಮಸಭೆ ನಡೆಸಿದೆವು. ಸಮಸ್ಯೆ ಹೀಗಿತ್ತು: ಮೇಲಿನ ಬೀದಿಯವರಿಗೂ ಕೆಳಗಿನ ಬೀದಿಯವರಿಗೂ ನಲ್ಲಿ ನೀರಿನ ವಿಚಾರದಲ್ಲಿ ಜಗಳವಾಗಿದೆ, ಮಾತು ಬಿಟ್ಟಿದ್ದಾರೆ. ಅಧ್ಯಕ್ಷೆಯಾಗಿ ಹುಡುಗಿಯನ್ನೇ ಕೂರಿಸಿದೆನು. ಸದಸ್ಯರಲ್ಲಿ ಅರ್ಧ ಹುಡುಗಿಯರು. ಹತ್ತು ನಿಮಿಷದಲ್ಲಿ “ಇನ್ನೊಂದು ಬೋರ್‌ವೆಲ್ ಕೊರೆಸುವುದು” ಎಂದು ತೀರ್ಮಾನವಾಯಿತು.

ಪಾಠ ವೀಕ್ಷಿಸುತ್ತಿದ್ದ ಸಹಪ್ರಶಿಕ್ಷಣಾರ್ಥಿ ಯಾರು ಏನು ಹೇಳಿದರೆಂದು ಬರೆದುಕೊಂಡಿದ್ದರು. ಎರಡು ಪುಟ ಹುಡುಗರ ಮಾತು, ನಾಲ್ಕು ಸಾಲು ಹುಡುಗಿಯರದು. ಆ ನಾಲ್ಕರಲ್ಲಿ ಎರಡು “ಆಗಲಿ” ಎಂಬುದು. ಕುರ್ಚಿ ಕೊಟ್ಟಿದ್ದೆನು, ಮಾತು ಬರುವ ದಾರಿ ಮಾಡಿರಲಿಲ್ಲ.

ಮಾರ್ಗದರ್ಶಕ ಶಿಕ್ಷಕರು ಹೇಳಿದರು: “ಆ ಮಗು ಎತ್ತಿದ ಪ್ರಶ್ನೆಯನ್ನು ಪಾಠ ಮಾಡಿ. ಆದರೆ ಅವಳ ಮನೆಯನ್ನು ತರಗತಿಗೆ ಎಳೆಯಬೇಡಿ.”

ಎರಡನೆಯ ಅವಧಿ

ಯಾರ ಹೆಸರನ್ನೂ ತೆಗೆಯದೆ ಪ್ರಾರಂಭಿಸಿದೆನು: “ಕಾಯ್ದೆಯಲ್ಲಿ ಸದಸ್ಯರು, ಅಧ್ಯಕ್ಷರು, ಉಪಾಧ್ಯಕ್ಷರು ಎಂದಿದೆ. ಅಧ್ಯಕ್ಷರ ಪತಿ ಎಂಬ ಹುದ್ದೆ ಇದೆಯೇ?” ಇಲ್ಲವೆಂದರು. ಬದಲಿಯಾಗಿ ಹೋಗುವುದಕ್ಕೆ ಕಾರಣಗಳೇನೆಂದು ಕೇಳಿದಾಗ ಮಕ್ಕಳೇ ಹೇಳಿದರು: ಕೂಲಿ ತಪ್ಪುತ್ತದೆ, ಓದಲು ಬಾರದು, ಗಂಡಸರ ಮುಂದೆ ಮಾತನಾಡಿದರೆ ಆಡಿಕೊಳ್ಳುತ್ತಾರೆ. ಮೂರನ್ನೂ ಹಲಗೆಯ ಮೇಲೆ ಬರೆದೆವು. ಈ ಸಲ ಯಾರೂ ನಗಲಿಲ್ಲ.

ಬಳಿಕ ಸಭಾಧ್ಯಕ್ಷರ ಕೆಲಸವನ್ನು ವಿವರಿಸಿದೆನು. ಅವರು ಯಾವ ಪಕ್ಷದ ಪರವಾಗಿಯೂ ವಾದಿಸುವುದಿಲ್ಲ. ಎಲ್ಲರಿಗೂ ಸರದಿ ಕೊಡುತ್ತಾರೆ. ಎರಡೂ ಕಡೆ ಮತಗಳು ಸಮವಾದಾಗ ಮಾತ್ರ ತಮ್ಮ ಮತ ಹಾಕುತ್ತಾರೆ. ನಾಗರತ್ನಮ್ಮನವರು ಆರು ವರ್ಷ ನಿರ್ವಹಿಸಿದ ಹೊಣೆ ಇದು. ಇದೇ ಮಾದರಿಯಲ್ಲಿ ನಮ್ಮ ಅಧ್ಯಕ್ಷೆಗೆ ಒಂದು ನಿಯಮ ಕೊಟ್ಟೆನು: ಎಲ್ಲರೂ ಒಂದು ಸಲ ಮಾತನಾಡುವವರೆಗೆ ಯಾರೂ ಎರಡನೇ ಸಲ ಮಾತನಾಡುವಂತಿಲ್ಲ.

ಅದೇ ಜಗಳ, ಅದೇ ಬೀದಿಗಳು. ಐದಾರು ಹುಡುಗರು ಬೋರ್‌ವೆಲ್ ಎಂದರು. ಆಮೇಲೆ ಕೆಳಗಿನ ಬೀದಿಯ ಪಾತ್ರ ವಹಿಸಿದ್ದ ಹುಡುಗಿಯ ಸರದಿ ಬಂತು. “ನೀರು ಬಿಡುವುದು ಹನ್ನೊಂದು ಗಂಟೆಗೆ. ಆಗ ನಾವೆಲ್ಲ ಚೆಂಡುಹೂ ಕೀಳಲು ಹೋಗಿರುತ್ತೇವೆ. ನಾವು ಬರುವಷ್ಟರಲ್ಲಿ ನೀರು ನಿಂತಿರುತ್ತದೆ” ಎಂದಳು. ಮೇಲಿನ ಬೀದಿಯ ಇನ್ನೊಬ್ಬಳು, “ನಾವು ಅರಿಶಿನದ ಹೊಲಕ್ಕೆ ಹೋದ ದಿನ ನಮಗೂ ಸಿಕ್ಕುವುದಿಲ್ಲ” ಎಂದಳು. ಜಗಳ ಇದ್ದದ್ದು ನೀರಿನ ಪ್ರಮಾಣಕ್ಕಲ್ಲ, ವೇಳೆಗೆ. ವಾಟರ್‌ಮನ್ ಬೆಳಿಗ್ಗೆ ಆರಕ್ಕೆ ಒಂದು ಬೀದಿಗೆ, ಸಂಜೆ ಆರಕ್ಕೆ ಇನ್ನೊಂದಕ್ಕೆ ನೀರು ಬಿಡಬೇಕು, ವಾರಕ್ಕೊಮ್ಮೆ ಸರದಿ ಬದಲಾಗಬೇಕು ಎಂದು ನಿರ್ಣಯವಾಯಿತು. ಬೋರ್‌ವೆಲ್ ಮಾತು ತಾನಾಗಿ ಬಿದ್ದುಹೋಯಿತು.

ಆಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1325ನೇ ನಿರ್ಣಯವನ್ನು ಹೇಳಿದೆನು. 2000ದ ಅಕ್ಟೋಬರ್ 31ರಂದು ಅಂಗೀಕಾರವಾದ ಈ ನಿರ್ಣಯವು ಸಂಘರ್ಷ ತಡೆಯುವ ಮತ್ತು ಬಗೆಹರಿಸುವ ಕೆಲಸದಲ್ಲಿ ಮಹಿಳೆಯರಿಗೆ ಸಮಾನ ಪಾಲು ಬೇಕೆನ್ನುತ್ತದೆ. “ಏಕೆ?” ಎಂದಾಗ ಒಬ್ಬ ಹುಡುಗ ಉತ್ತರಿಸಿದನು: “ನೀರು ಹೊರುವವರಿಗೆ ಗೊತ್ತಿರುವುದು ನಮಗೆ ಗೊತ್ತಿರಲಿಲ್ಲ ಮಿಸ್.”

ಮೌಲ್ಯಮಾಪನ

1. ಪಂಚಾಯಿತಿ ಮತ್ತು ವಿಧಾನಸಭೆಯಲ್ಲಿ ಮಹಿಳಾ ಮೀಸಲಾತಿಯನ್ನು ಹೋಲಿಸಿ.
2. ಸದಸ್ಯೆಯ ಬದಲು ಬೇರೆಯವರು ಸಭೆಯಲ್ಲಿ ಮಾತನಾಡಿದರೆ ಮತ ಹಾಕಿದವರಿಗೆ ಆಗುವ ನಷ್ಟವೇನು?
3. ಎರಡೂ ಅಣಕು ಸಭೆಗಳ ತೀರ್ಮಾನಗಳು ಏಕೆ ಬೇರೆಯಾದವು?

ಮುಂದೆ ಈ ಪಾಠ ಮಾಡುವವರಿಗೆ

ಅಂಕಿಸಂಖ್ಯೆಗಳಿಂದ ಆರಂಭಿಸಿದರೂ ಅಲ್ಲಿಗೇ ನಿಲ್ಲಿಸಬೇಡಿ. ಸಭೆಯಲ್ಲಿ ಯಾರು ಎಷ್ಟು ಮಾತನಾಡಿದರೆಂದು ಬರೆಯಲು ಒಬ್ಬರನ್ನು ನೇಮಿಸಿ. ಆ ಹಾಳೆಯನ್ನು ಮಕ್ಕಳಿಗೆ ತೋರಿಸಿ. ಮಕ್ಕಳು ಮನೆಯ ಮಾತು ಹೇಳಿದಾಗ ನಗುವನ್ನು ಅಲ್ಲಿಯೇ ತಡೆಯಿರಿ, ನಾನು ತಡೆಯಲಿಲ್ಲ. ಸರದಿಯ ನಿಯಮಕ್ಕೆ ಹೆಚ್ಚು ಸಮಯ ಬೇಕು. ನಮ್ಮ ಎರಡನೆಯ ಸಭೆಗೆ ಇಪ್ಪತ್ತೈದು ನಿಮಿಷ ಹಿಡಿಯಿತು, ಮೌಲ್ಯಮಾಪನದ ಮೂರನೇ ಪ್ರಶ್ನೆ ಮನೆಗೆಲಸವಾಯಿತು.

ಬೋಧನಾಭ್ಯಾಸದ ಕೊನೆಯ ವಾರ ಆ ಹಿಂದಿನ ಬೆಂಚಿನ ಹುಡುಗಿ ಒಂದು ಕಾಗದ ತಂದಳು. ಪಂಚಾಯಿತಿ ಸಭೆಯ ತಿಳುವಳಿಕೆ ಪತ್ರ. “ಇದನ್ನ ಅವ್ವಂಗೆ ಓದಿ ಹೇಳ್ಬೇಕು, ಈ ಮಾತಿಗೆ ಅರ್ಥ ಏನು ಮಿಸ್?” ಎಂದು ‘ಕಾರ್ಯಸೂಚಿ’ ಎಂಬ ಪದದ ಮೇಲೆ ಬೆರಳಿಟ್ಟಳು. ಅವಳ ತಾಯಿ ಆ ಸಭೆಗೆ ಹೋದರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕಾರ್ಯಸೂಚಿಯ ಪ್ರತಿಯೊಂದು ಅಂಶವನ್ನೂ ಅವಳೊಡನೆ ಕುಳಿತು ಓದಿದೆನು.